ಕೇಡಗಾಂವ್ ಸ್ಟೇಷನ್ ದಾಟುವಾಗ

ಪುಣೆಯಿಂದ ಕಲಬುರಗಿಗೆ ಹೊರಟ ರೈಲು ಸುಮಾರು ಒಂದು ಗಂಟೆ ಓಡಿದ ಮೇಲೆ ಕೇಡಗಾಂವ್ ಎಂಬ ಸ್ಟೇಷನ್ ಹಾದುಹೋಗುತ್ತದೆ. ಕೆಲಸಕ್ಕೆಂದು ಪುಣೆಗೆ ಬಂದಾಗಿನಿಂದ ಆ ಬೋರ್ಡನ್ನು ಎಷ್ಟು ಸಲ ದಾಟಿದ್ದೇನೋ, ಪ್ರತಿಸಲ ತೊಡೆಯ ಮೇಲೆ ಲ್ಯಾಪ್‌ಟಾಪ್, ಕಿವಿಯಲ್ಲಿ ಮೀಟಿಂಗು. ಅದು ಪಂಡಿತಾ ರಮಾಬಾಯಿ ಬದುಕಿ ಮಣ್ಣಾದ ಊರು, ಅವರು ಹುಟ್ಟಿದ್ದು ನಮ್ಮ ಕರ್ನಾಟಕದಲ್ಲೇ ಎಂದು ತಿಳಿದದ್ದು ಈಚೆಗೆ. ಓದಲು ಕೂತರೆ ಎರಡು ವಾರ ಬಿಡಲಾಗಲಿಲ್ಲ.

ರಮಾಬಾಯಿ 1858ರ ಏಪ್ರಿಲ್ 23ರಂದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದೇ ಅವರ ಅಪರಾಧ. ಪಂಡಿತರ ಸಭೆಗೆ ಉತ್ತರ ಹೇಳಬೇಕಾಯಿತು, ಹೇಳಿದರು, ಆದರೆ ಕಲಿಸುವುದನ್ನು ಬಿಡಲಿಲ್ಲ. ಮಗಳು ಕೆಲವೇ ತಿಂಗಳ ಕೂಸಾಗಿದ್ದಾಗ ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಹೊತ್ತು ಬೆಟ್ಟವಿಳಿದರು. ಅಲ್ಲಿಂದ ಕುಟುಂಬದ್ದು ಊರೂರು ತಿರುಗಿ ಪುರಾಣ ಓದುವ ಬದುಕು. ತಂದೆಗೆ ವಯಸ್ಸಾಗಿದ್ದರಿಂದ ರಮಾಬಾಯಿಗೆ ಪಾಠ ಹೇಳಿದವರು ತಾಯಿ. ದಿನವಿಡೀ ಬಿಡುವಿಲ್ಲದ ಆಕೆ ಬೆಳಗಾಗುವ ಮೊದಲೇ ನಿದ್ದೆಗಣ್ಣಿನ ಮಗಳನ್ನು ಎಬ್ಬಿಸಿ ಶ್ಲೋಕ ಹೇಳಿಸುತ್ತಿದ್ದರು. ಅವರ ಮೊದಲ ಗುರು ಆ ತಾಯಿಯೇ.

1870ರ ದಶಕದ ಬರದಲ್ಲಿ ತಂದೆ, ಆರೇ ವಾರದಲ್ಲಿ ತಾಯಿ, ಆಮೇಲೆ ಅಕ್ಕ ತೀರಿಕೊಂಡರು. ತಾಯಿಯ ಚಟ್ಟಕ್ಕೆ ಹೆಗಲು ಕೊಡಲು ಜನ ಸಾಲದೆ ರಮಾಬಾಯಿಯೂ ಹೊರಬೇಕಾಯಿತು. ಎತ್ತರ ಸಾಲದ್ದಕ್ಕೆ ತಲೆಯ ಮೇಲಿಟ್ಟು ಹೊತ್ತರಂತೆ. ಅಣ್ಣ ಶ್ರೀನಿವಾಸನ ಜೊತೆ ಉತ್ತರದವರೆಗೂ ನಡೆದರು. ಝೇಲಂ ನದಿಯ ದಂಡೆಯಲ್ಲಿ ಹೊದೆಯಲು ಏನೂ ಇಲ್ಲದೆ, ಮರಳಿನಲ್ಲಿ ಗುಂಡಿ ತೋಡಿ, ತಲೆ ಮಾತ್ರ ಹೊರಗಿಟ್ಟು ಮೈಮೇಲೆ ಮರಳು ಎಳೆದುಕೊಂಡು ಚಳಿಯ ರಾತ್ರಿ ಕಳೆದರು. ಇದನ್ನು ಓದಿದ ಮೇಲೆ ಅವರ ಮುಂದಿನ ಬದುಕು ನನಗೆ ಬೇರೆಯಾಗಿಯೇ ಕಂಡಿತು.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಅವರಿಗೆ ಪಂಡಿತಾ, ಸರಸ್ವತಿ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ಹೋದ. ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿಯವರನ್ನು ಮದುವೆಯಾದರು, ಮಗಳು ಮನೋರಮಾ ಹುಟ್ಟಿದಳು, 1882ರಲ್ಲಿ ಗಂಡ ಕಾಲರಾಕ್ಕೆ ಬಲಿಯಾದರು. ಆಗ ರಮಾಬಾಯಿಗೆ ವಯಸ್ಸು 23. ಕೂಸನ್ನೆತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು.

1883ರಲ್ಲಿ ಇಂಗ್ಲೆಂಡಿಗೆ ಹೋದದ್ದು ವೈದ್ಯಕೀಯ ಓದಲು. ಕಿವಿ ಮಂದವಾಗುತ್ತಿದ್ದುದರಿಂದ ಅದು ಕೈಗೂಡಲಿಲ್ಲ. ವಾಂಟೇಜಿನ ಕ್ರೈಸ್ತ ಸನ್ಯಾಸಿನಿಯರು ಅವರನ್ನು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿದ್ದ ತಮ್ಮ ಆಶ್ರಯಕ್ಕೆ ಕಳಿಸಿದರು. ಸಮಾಜ ಕೆಟ್ಟವರೆಂದು ದೂಡಿದ್ದ ಹೆಂಗಸರನ್ನು ಅಲ್ಲಿ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಯಾಕೆ ಎಂದು ಕೇಳಿದಾಗ, ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಕೂತು ಮಾತಾಡಿದ ಕಥೆ ಹೇಳಿದರು. ಅದೇ ವರ್ಷ ಅವರು ದೀಕ್ಷಾಸ್ನಾನ ಪಡೆದರು. ಆದರೆ ತಮಗೆ ಆಗ ಸಿಕ್ಕಿದ್ದು ಕ್ರೈಸ್ತ ಧರ್ಮ ಮಾತ್ರ, ಕ್ರಿಸ್ತ ಸಿಕ್ಕಿದ್ದು ಎಂಟು ವರ್ಷದ ಮೇಲೆ ಎಂದು ಮುಂದೆ ತಾವೇ ಬರೆದುಕೊಂಡರು.

ಹೊಸ ಧರ್ಮದ ಹಿರಿಯರ ಮಾತಿಗೆಲ್ಲ ಅವರು ತಲೆಯಾಡಿಸಲಿಲ್ಲ. ಮಾಂಸ ಮುಟ್ಟಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಇರಲಿ ಎಂದು ವಾದಿಸಿದರು. ಅರ್ಥವಾಗದ್ದನ್ನು ನಂಬು ಎಂದರೆ ಒಪ್ಪಲಿಲ್ಲ. ಗುರುವಿಗೆ ಶಿಷ್ಯೆಯಾದರೇ ಹೊರತು ಗುರುವಿನ ಮನೆಯವರಿಗೆಲ್ಲ ಅಲ್ಲ. ಆ ಹಠ ನನಗೆ ಬಹಳ ಇಷ್ಟವಾಯಿತು.

ಅಮೆರಿಕದಲ್ಲಿ ನೆರವು ಕೂಡಿಸಿ ಬಂದು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು; ಮರುವರ್ಷ ಅದು ಪುಣೆಗೆ ಬಂತು. ಮತಪ್ರಚಾರ ಇಲ್ಲ ಎಂಬ ಭರವಸೆಯ ಮೇಲೆ ನಡೆದ ಸಂಸ್ಥೆ. ಆದರೆ ರಮಾಬಾಯಿ ಪ್ರಾರ್ಥನೆಗೆ ಕೂತಾಗ ಕೋಣೆಯ ಬಾಗಿಲು ಹಾಕುತ್ತಿರಲಿಲ್ಲ, ಹುಡುಗಿಯರು ಬಂದು ಕೂರತೊಡಗಿದರು. 1893ರಲ್ಲಿ ಗಲಾಟೆ ಎದ್ದಿತು. ತಿಲಕರ ಕೇಸರಿ ಪತ್ರಿಕೆ ಟೀಕಿಸಿತು, ಬೆಂಬಲಕ್ಕಿದ್ದ ರಾನಡೆ, ಭಂಡಾರಕರ್ ಸಲಹಾ ಸಮಿತಿ ಬಿಟ್ಟರು, ಅನೇಕ ಹುಡುಗಿಯರನ್ನು ಮನೆಯವರು ಕರೆದೊಯ್ದರು. ನಂಬಿ ಮಗಳನ್ನು ಬಿಟ್ಟುಹೋದ ಮನೆಯವರ ಆತಂಕವೂ ಸುಳ್ಳಲ್ಲ, ಅದನ್ನು ಹೇಳಲೇಬೇಕು. ಆದರೆ ನನ್ನ ದೇವರನ್ನು ಬಾಗಿಲು ಮುಚ್ಚಿ ಪೂಜಿಸು ಎಂದರೆ ನಾನೇನು ಮಾಡುತ್ತಿದ್ದೆ? ಗುರುವಿಗೆ ಬೈಗುಳ ಸಿಕ್ಕಲ್ಲಿ ಶಿಷ್ಯನಿಗೆ ಮರ್ಯಾದೆ ಸಿಗದೆಂದು ಯೇಸು ಮೊದಲೇ ಎಚ್ಚರಿಸಿದ್ದ. ರಮಾಬಾಯಿಗೆ ಇದು ಹೊಸದೂ ಅಲ್ಲ. ಕಲಿಸಿದ್ದಕ್ಕೆ ಸಭೆಯ ಮುಂದೆ ನಿಂತ ಅಪ್ಪನ ಮಗಳು.

1896-97ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿತ್ತು. ಹಸಿವೆಂದರೇನೆಂದು ಯಾರೂ ಅವರಿಗೆ ಹೇಳಬೇಕಿರಲಿಲ್ಲ. ತಾವೇ ಹೋಗಿ, ಎಲುಬಿನ ಗೂಡಾಗಿದ್ದ ಸುಮಾರು 300 ಹುಡುಗಿಯರನ್ನೂ ಹೆಂಗಸರನ್ನೂ ಕರೆತಂದರು. ಪ್ಲೇಗಿನ ಪುಣೆಯಲ್ಲಿ ಅಷ್ಟು ಜನರನ್ನು ಇಡುವಂತಿರಲಿಲ್ಲ. ಕೇಡಗಾಂವಿನಲ್ಲಿ ಕೊಂಡಿದ್ದ ಜಮೀನಿನಲ್ಲಿ ಗುಡಾರ ಹಾಕಿದರು. ಅದೇ ಮುಕ್ತಿ ಸದನವಾಯಿತು. 1900ರ ಗುಜರಾತ್ ಬರದ ಹೊತ್ತಿಗೆ ಅಲ್ಲಿದ್ದವರು ಸಾವಿರ ದಾಟಿದ್ದರು. ಹೆಂಗಸರೇ ಹೊಲ ಮಾಡುತ್ತಿದ್ದರು, ಮಗ್ಗ, ಎಣ್ಣೆಗಾಣ, ಮುದ್ರಣಾಲಯ ನಡೆಸುತ್ತಿದ್ದರು. ಕುರುಡರಿಗೆ ಬ್ರೈಲ್ ಕಲಿಸುತ್ತಿದ್ದರು. ಬೀದಿಗೆ ಬಿದ್ದವರಿಗಾಗಿ ಫುಲ್‌ಹ್ಯಾಮ್‌ನಲ್ಲಿ ಕಂಡಂತಹದೇ ಒಂದು ಮನೆ, ಕೃಪಾ ಸದನ.

ಮನೋರಮಾ ತಾಯಿಯ ಬಲಗೈಯಾದಳು. ನಮ್ಮೂರು ಕಲಬುರಗಿಯಲ್ಲಿ 1912ರಲ್ಲಿ ತಾಯಿ ಮಗಳು ಸೇರಿ ಶಾಲೆ ತೆರೆದರು, ಮನೋರಮಾ ಅದರ ಮುಖ್ಯಸ್ಥೆ. ಹುಟ್ಟಿ ಬೆಳೆದ ಊರಿನ ಈ ಸಂಗತಿಯನ್ನು ನಾನು ಪುಣೆಯಲ್ಲಿ ಕೂತು ತಿಳಿಯಬೇಕಾಯಿತು! ಅವ್ವನಿಗೆ ಫೋನ್ ಮಾಡಿ ಹೇಳಿದರೆ ಅವಳಿಗೂ ಗೊತ್ತಿರಲಿಲ್ಲ.

ಇಷ್ಟರ ನಡುವೆ ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸಿಗೂ ಅರ್ಥವಾಗುವ ಮರಾಠಿಗೆ ಇಡೀ ಬೈಬಲ್ ತರುತ್ತಿದ್ದರು. 1921ರ ಜುಲೈನಲ್ಲಿ ಮನೋರಮಾ ಮಿರಜದಲ್ಲಿ ತೀರಿಕೊಂಡಳು, ಆಗಿನ್ನೂ ನಲವತ್ತು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಮಗಳು. ಕಿವಿ ಹೆಚ್ಚುಕಡಿಮೆ ಕೇಳಿಸದ ಆ ತಾಯಿ ಮತ್ತೆ ಪ್ರೂಫ್ ತಿದ್ದಲು ಕೂತರು. ಕೊನೆಯ ಹಾಳೆಗಳನ್ನು ತಿದ್ದಿ ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಆ ಬೈಬಲ್ 1924ರಲ್ಲಿ ಹೊರಬಂತು, ಕೇಡಗಾಂವಿನ ಹೆಂಗಸರೇ ನಡೆಸುತ್ತಿದ್ದ ಮುದ್ರಣಾಲಯದಿಂದ.