ಜ್ಯೋತಿಬಾ ಫುಲೆ: ಸಾವಿರ ರೂಪಾಯಿ ಖರ್ಚಿಗೆ 'ಬೇಡ' ಎಂದ ಪುಣೆಯ ಒಬ್ಬನೇ ಪುರಸಭಾ ಸದಸ್ಯ

ಪುಣೆ ಪುರಸಭೆಯ ಮುಂದೆ ಒಂದು ಪ್ರಸ್ತಾವ ಬಂತು. ಊರಿಗೆ ಬರಲಿರುವ ಗವರ್ನರ್ ಜನರಲ್ ಸ್ವಾಗತಕ್ಕೆ 1,000 ರೂಪಾಯಿ ಬೇಕು. ಸರ್ಕಾರವೇ ನೇಮಿಸಿದ 32 ಸದಸ್ಯರ ಸಭೆ ಅದು. ಇಂಥ ವಿಷಯಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಆದರೆ ಒಬ್ಬರು ವಿರೋಧವಾಗಿ ಮತ ಹಾಕಿದರು. ಆ ದುಡ್ಡನ್ನು ಬಡ ಮಕ್ಕಳ ಓದಿಗೆ ಕೊಡಿ ಎಂಬುದು ಅವರ ವಾದವಾಗಿತ್ತು. ಅವರೇ ಜ್ಯೋತಿಬಾ ಫುಲೆ.

ಹೆಣ್ಣುಮಕ್ಕಳ ಶಾಲೆ ತೆರೆದವರು, ಜಾತಿ ವಿರುದ್ಧ ಹೋರಾಡಿದವರು ಎಂದು ಫುಲೆ ಎಲ್ಲರಿಗೂ ಗೊತ್ತು. ಆದರೆ 1876ರಿಂದ ಸುಮಾರು ಆರು ವರ್ಷ ಅವರು ಪುಣೆ ಪುರಸಭೆಯ ಸದಸ್ಯರಾಗಿದ್ದರು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಹೂವಿನ ಮನೆತನ, ಕಲ್ಲಿನ ಕೆಲಸ

ಫುಲೆ ಹುಟ್ಟಿದ್ದು 1827ರ ಏಪ್ರಿಲ್ 11ರಂದು. ಪೇಶ್ವೆಗಳಿಗೆ ಹೂವು ಒದಗಿಸುತ್ತಿದ್ದ ಮಾಲಿ ಕುಟುಂಬ ಅವರದು. 'ಫುಲೆ' ಎಂಬ ಹೆಸರು ಬಂದಿದ್ದೂ ಅದರಿಂದಲೇ. ಪುಣೆಯ ಸ್ಕಾಟಿಷ್ ಮಿಷನ್ ಶಾಲೆಯಲ್ಲಿ ಓದಿದ ಅವರು 1848ರಲ್ಲಿ ಪತ್ನಿ ಸಾವಿತ್ರಿಬಾಯಿ ಜೊತೆ ಬುಧವಾರ ಪೇಠೆಯ ಭಿಡೆ ವಾಡಾದಲ್ಲಿ ಹೆಣ್ಣುಮಕ್ಕಳ ಶಾಲೆ ಆರಂಭಿಸಿದರು.

ಹೊಟ್ಟೆಪಾಡಿಗೆ ಅವರು ಮಾಡಿದ್ದು ಗುತ್ತಿಗೆದಾರಿಕೆ. ಖಡಕ್‌ವಾಸ್ಲಾ ಜಲಾಶಯ, ಯರವಡಾ ಸೇತುವೆ, ಕಾತ್ರಜ್ ಸುರಂಗದಂತಹ ಕಾಮಗಾರಿಗಳಲ್ಲಿ ಅವರ ಪಾಲಿತ್ತು. ಸರ್ಕಾರಿ ಕೆಲಸದಲ್ಲಿ ದುಡ್ಡು ಎಲ್ಲಿ ಸೋರುತ್ತದೆ, ಕೂಲಿಗಳ ಕೈಗೆ ಎಷ್ಟು ಸೇರುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ಹಾಗಾಗಿ ಪುರಸಭೆಯ ಲೆಕ್ಕ ಅವರಿಗೆ ಬರೀ ಅಂಕಿಗಳಾಗಿರಲಿಲ್ಲ.

ಬಾರಾಮತಿ ಸೀಮೆಯ ಸಿಟ್ಟು

ಫುಲೆ ಸದಸ್ಯರಾಗುವ ಹಿಂದಿನ ವರ್ಷವಷ್ಟೇ ಪುಣೆ ಜಿಲ್ಲೆ ಹೊತ್ತಿ ಉರಿದಿತ್ತು. ಈಗ ಬಾರಾಮತಿ ತಾಲೂಕಿನಲ್ಲಿರುವ ಸುಪೆ ಗ್ರಾಮದಲ್ಲಿ 1875ರ ಮೇ 12ರಂದು ರೈತರು ಸಾಹುಕಾರರ ಮೇಲೆ ತಿರುಗಿಬಿದ್ದರು. ಲೆಕ್ಕದ ಪುಸ್ತಕ, ಸಾಲದ ಪತ್ರಗಳಿಗೆ ಬೆಂಕಿ ಇಟ್ಟರು. ಕಿಚ್ಚು ಪುಣೆ, ಅಹ್ಮದ್‌ನಗರ ಜಿಲ್ಲೆಗಳ ಹಳ್ಳಿಹಳ್ಳಿಗೆ ಹಬ್ಬಿತು. ಅದರ ಬೆನ್ನಿಗೇ 1876-77ರ ಭೀಕರ ಬರ ಬಂತು. ಸತ್ಯಶೋಧಕ ಸಮಾಜದ ವತಿಯಿಂದ ಫುಲೆ ಪುಣೆ ಸಮೀಪದ ಧನಕವಡಿಯಲ್ಲಿ ಹಸಿದ ಮಕ್ಕಳಿಗೆ ಆಸರೆಯ ವ್ಯವಸ್ಥೆ ಮಾಡಿದರು.

ಈ ಹಳ್ಳಿಗಳ ರೈತನೇ ತರಕಾರಿ ಹೊತ್ತು ಪೇಟೆಗೆ ಬಂದರೆ ಪುರಸಭೆಯ ಸುಂಕದ ಕಟ್ಟೆ ಎದುರಾಗುತ್ತಿತ್ತು. ಅಲ್ಲಿ ತೆರಿಗೆ, ಮಾರುಕಟ್ಟೆಯಲ್ಲಿ ದಲ್ಲಾಳಿಯ ಪಾಲು. ಕೊನೆಗೆ ರೈತನ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೇ. 1880ರ ದಶಕದ ಆರಂಭದಲ್ಲಿ ಫುಲೆ ಬರೆದ 'ಶೇತಕರ್‍ಯಾಚಾ ಆಸೂಡ್' ಅಂದರೆ 'ರೈತನ ಚಾಟಿ' ಕೃತಿಯಲ್ಲಿ ಈ ಸಂಕಟ ದಾಖಲಾಗಿದೆ. ಪುರಸಭೆ ಖರ್ಚು ಮಾಡುವ ಪ್ರತಿ ರೂಪಾಯಿಯ ಹಿಂದೆ ಫುಲೆಗೆ ಆ ರೈತನ ತಲೆಹೊರೆಯೇ ಕಾಣುತ್ತಿತ್ತು.

ಮದ್ಯದಂಗಡಿ, ಮಾರುಕಟ್ಟೆ

1880ರಲ್ಲಿ ಊರಿನಲ್ಲಿ ಮದ್ಯದಂಗಡಿಗಳು ಹೆಚ್ಚುತ್ತಿರುವುದಕ್ಕೆ ಫುಲೆ ಲಿಖಿತವಾಗಿ ಆಕ್ಷೇಪಿಸಿದರು. ಒಂದು ಕಡೆ ಜನರ ಆರೋಗ್ಯಕ್ಕೆಂದು ಪುರಸಭೆ ಖರ್ಚು ಮಾಡುವುದು, ಇನ್ನೊಂದು ಕಡೆ ಅದೇ ಜನರ ಸಂಸಾರ ಹಾಳುಮಾಡುವ ಅಂಗಡಿಗಳು ತಲೆ ಎತ್ತುವುದು ಅವರಿಗೆ ಸರಿಕಾಣಲಿಲ್ಲ.

ಶನಿವಾರ ವಾಡಾ ಎದುರಿನ ಬಯಲಿನಲ್ಲಿ ನಡೆಯುತ್ತಿದ್ದ ಸಂತೆಗೆ ಭವ್ಯ ಕಟ್ಟಡ ಕಟ್ಟುವ ಯೋಜನೆ ಬಂದಾಗಲೂ ಫುಲೆ ವಿರೋಧಿಸಿದರು. ಅಷ್ಟು ದೊಡ್ಡ ಮೊತ್ತ ಶಿಕ್ಷಣಕ್ಕೆ ಹೋಗಲಿ ಎಂಬುದು ಅವರ ನಿಲುವು. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆಯೂ ಅವರು ಇದನ್ನೇ ಮಂಡಿಸಿದ್ದರು. ತೆರಿಗೆ ಕಟ್ಟುವವರು ದುಡಿಯುವ ಜನ, ಅದರ ಫಲ ಉಣ್ಣುವವರು ಮೇಲ್ವರ್ಗದವರು. ಹೀಗಾಗಿ 12 ವರ್ಷದವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ ಎಂದು ಅವರು ಕೇಳಿದರು.

ಆದರೆ ಫುಲೆ ಮಾತು ನಡೆಯಲಿಲ್ಲ. ಎಂಟು ಮೂಲೆಯ ಗೋಪುರದ ಆ ಮಾರುಕಟ್ಟೆ 1886ರಲ್ಲಿ ಗವರ್ನರ್ ಲಾರ್ಡ್ ರೇ ಹೆಸರಿನಲ್ಲಿ ಶುರುವಾಯಿತು. ಸ್ವಾಗತದ ಪ್ರಸ್ತಾವವೂ ಪಾಸಾಗಿತ್ತು. ಲೆಕ್ಕ ನೋಡಿದರೆ ಪುರಸಭೆಯಲ್ಲಿ ಫುಲೆ ಸೋತಿದ್ದೇ ಹೆಚ್ಚು.

ಸೋತವನ ಹೆಸರೇ ಉಳಿಯಿತು

1888ರ ಮೇ 11ರಂದು ಮುಂಬೈನಲ್ಲಿ ಜನ ಅವರಿಗೆ 'ಮಹಾತ್ಮ' ಎಂಬ ಬಿರುದು ಕೊಟ್ಟರು. ಅದೇ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. 1890ರ ನವೆಂಬರ್ 28ರಂದು ಪುಣೆಯಲ್ಲಿ ಕೊನೆಯುಸಿರೆಳೆದರು.

ಮುಂದೆ ರೇ ಮಾರ್ಕೆಟ್ ಹೆಸರು ಬದಲಾಯಿತು. ಫುಲೆ ಬೇಡ ಎಂದಿದ್ದ ಅದೇ ಕಟ್ಟಡ ಇಂದು ಮಹಾತ್ಮ ಫುಲೆ ಮಂಡಯಿ. ಅವರು ಶಾಲೆ ತೆರೆದಿದ್ದ ಭಿಡೆ ವಾಡಾ ಮಾತ್ರ ದಶಕಗಳ ಕಾಲ ಪಾಳುಬಿದ್ದಿತ್ತು. ಕೋರ್ಟ್ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿ, 2023ರ ಡಿಸೆಂಬರ್‌ನಲ್ಲಿ ಪುಣೆ ಮಹಾನಗರ ಪಾಲಿಕೆ ಸ್ಮಾರಕ ನಿರ್ಮಾಣಕ್ಕಾಗಿ ಆ ಶಿಥಿಲ ಕಟ್ಟಡವನ್ನು ನೆಲಸಮ ಮಾಡಿತು.

ಊರೂರಿನ ಪುರಸಭೆಗಳಲ್ಲಿ ಇಂದಿಗೂ ಬಜೆಟ್ ಮಂಡನೆಯಾಗುತ್ತದೆ. ಸ್ವಾಗತ ಕಮಾನಿಗೆಷ್ಟು, ಶಾಲೆಯ ಚಾವಣಿಗೆಷ್ಟು ಎಂಬ ಪ್ರಶ್ನೆ ಹಾಗೆಯೇ ಇದೆ. ಸುಮಾರು 145 ವರ್ಷಗಳ ಹಿಂದೆ 32 ಜನರ ನಡುವೆ ಒಬ್ಬರೇ ಆ ಪ್ರಶ್ನೆ ಕೇಳಿದ್ದರು.