ಎಡ್ ಹೆಡ್ರಿಕ್
ಎಡ್ವರ್ಡ್ ಅರ್ಲ್ ಹೆಡ್ರಿಕ್ (ಜೂನ್ 28, 1924 – ಆಗಸ್ಟ್ 12, 2002) ಡಿಸ್ಕ್ ಗಾಲ್ಫ್ ಆಟಕ್ಕೆ ಇಂದಿನ ರೂಪ ನೀಡಿದ ಅಮೇರಿಕದ ಸಂಶೋಧಕರು. ಹಾರುವ ತಟ್ಟೆಯನ್ನು ಹೊಸಬರು, ಅದರಲ್ಲೂ ಕೈಯನ್ನು ಪಕ್ಕದಿಂದ ಬೀಸಿ ಎಸೆಯುವವರು, ಸಾಕಷ್ಟು ತಿರುಗಿಸದಿದ್ದರೆ ಅದು ಗಾಳಿಯಲ್ಲಿ ಓಲಾಡುತ್ತದೆ. ವಾಮ್-ಓ ಸಂಸ್ಥೆಯಲ್ಲಿದ್ದ ಹೆಡ್ರಿಕ್ ಫ್ರಿಸ್ಬಿಯ ಮೇಲ್ಮೈಯಲ್ಲಿ ವೃತ್ತಾಕಾರದ ಉಬ್ಬುಗೆರೆಗಳನ್ನು ಮೂಡಿಸಿ ಹಾರಾಟವನ್ನು ಸ್ಥಿರಗೊಳಿಸಿದರು. 1967ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಮಕ್ಕಳ ಆಟಿಕೆ ಕ್ರೀಡಾ ಸಾಧನವಾದದ್ದು ಇಲ್ಲಿಂದಲೇ ಎನ್ನಬಹುದು. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಶಾಶ್ವತ ಅಂಕಣವನ್ನು ವಿನ್ಯಾಸಗೊಳಿಸಿದರು. ಅಲ್ಲಿ ಗುರಿಯಾಗಿದ್ದುದು ಬರಿಯ ಕಂಬಗಳು. ತಟ್ಟೆ ಕಂಬಕ್ಕೆ ತಾಗಿತೋ ಇಲ್ಲವೋ ಎಂಬ ವಾಗ್ವಾದವನ್ನು ತಪ್ಪಿಸಲು, ಮೇಲೆ ಸರಪಳಿಗಳನ್ನು ತೂಗುಬಿಟ್ಟ ಬುಟ್ಟಿಯನ್ನು ರೂಪಿಸಿದರು. 1976ರಲ್ಲಿ ವೃತ್ತಿಪರ ಆಟಗಾರರ ಸಂಘವನ್ನು ಸ್ಥಾಪಿಸಿದರು. ನಿಧನಾನಂತರ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್‌ನೊಡನೆ ಬೆರೆಸಿ ಡಿಸ್ಕ್‌ಗಳನ್ನು ತಯಾರಿಸಲಾಯಿತು.