ಗಾಯಕ್ಕೆ ಸೂರು ಕೊಟ್ಟ ಫಾದರ್ ಮುಲ್ಲರ್

ಗಾಯ ಮಾಯುವುದು ದೇಹದ ಸ್ವಂತ ಕೆಲಸ. ಮದ್ದು, ಪಟ್ಟಿ, ಪಥ್ಯಗಳೆಲ್ಲ ಆ ಕೆಲಸಕ್ಕೆ ಅಡ್ಡಿಯಾಗದಂತೆ ನಾವು ಮಾಡಿಕೊಳ್ಳುವ ಏರ್ಪಾಡುಗಳು. ಫಾದರ್ ಅಗಸ್ಟಸ್ ಮುಲ್ಲರ್ ಅವರ ಬದುಕನ್ನು ಈ ಬೆಳಕಿನಲ್ಲಿ ನೋಡಬೇಕೆಂದು ನನಗೆ ಅನ್ನಿಸುತ್ತದೆ. ಮಡಂತ್ಯಾರಿನ ಸುತ್ತಲಿನ ನಮ್ಮಂಥವರಿಗೆ ದೊಡ್ಡ ಕಾಯಿಲೆಯೆಂದರೆ ಬಿ.ಸಿ. ರೋಡ್ ದಾಟಿ ಮಂಗಳೂರಿನ ಕಂಕನಾಡಿಗೆ ಹೋಗುವುದು ವಾಡಿಕೆ. ಅಲ್ಲಿನ ಆಸ್ಪತ್ರೆಯ ಹೆಸರು ಎಲ್ಲರ ಬಾಯಲ್ಲಿದೆ. ಆ ಹೆಸರಿನ ಹಿಂದಿನ ಮನುಷ್ಯ ಮಾತ್ರ ಮರೆಯಾಗಿದ್ದಾರೆ.

ಜರ್ಮನಿಯಲ್ಲಿ 1841ರಲ್ಲಿ ಹುಟ್ಟಿದ ಮುಲ್ಲರ್, ಯೇಸುಸಭೆಯ ಗುರುವಾಗಿ ಮಂಗಳೂರಿಗೆ ಬಂದಿಳಿದದ್ದು 1878ರ ಕೊನೆಯ ದಿನ. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಅವರು ಅಧ್ಯಾಪಕರು. ಪಾಠದ ನಡುವೆ ಬಡವರಿಗೆ ಹೋಮಿಯೋಪಥಿ ಔಷಧ ಹಂಚುತ್ತಿದ್ದರು. ಅದೇ ವರ್ಷ ಅದು ಬಡವರ ಔಷಧಾಲಯವಾಯಿತು. 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯಧಾಮ ತೆರೆದರು. ಮುಂದೆ ಪ್ಲೇಗ್ ಬಂದಾಗ ಅದಕ್ಕೂ ಆಸ್ಪತ್ರೆ ಕಟ್ಟಿದರು.

ಈ ಆಶ್ರಯಧಾಮದ ಮಹತ್ವ ತಿಳಿಯಬೇಕಾದರೆ ಗಾಯದ ಕಥೆಯನ್ನು ಸ್ವಲ್ಪ ಕೇಳಬೇಕು. ತೋಟದಲ್ಲಿ ಕತ್ತಿ ತಗಲಿ ಕಾಲು ಕೊಯ್ದುಕೊಂಡಿತೆನ್ನಿ. ಮೊದಲು ರಕ್ತದ ಕಿರುಬಿಲ್ಲೆಗಳು ಒಟ್ಟುಗೂಡಿ, ರಕ್ತ ಹೆಪ್ಪುಗಟ್ಟಿ ಸೋರಿಕೆ ನಿಲ್ಲುತ್ತದೆ. ಬಳಿಕ ಬಿಳಿ ರಕ್ತಕಣಗಳು ಬಂದು ಸೂಕ್ಷ್ಮಾಣುಗಳನ್ನೂ ಸತ್ತ ಅಂಗಾಂಶವನ್ನೂ ತೆರವು ಮಾಡುತ್ತವೆ. ಗಾಯ ಕೆಂಪಾಗಿ ಊದಿಕೊಳ್ಳುವುದು ಆಗಲೇ. ಆಮೇಲೆ ಹೊಸ ರಕ್ತನಾಳಗಳು ಚಿಗುರುತ್ತವೆ, ಕೊಲಾಜನ್ ಎಂಬ ನಾರಿನ ಹೆಣಿಗೆ ಬೆಳೆಯುತ್ತದೆ, ಅಂಚಿನ ಚರ್ಮ ನಡುವಿಗೆ ಸರಿಯುತ್ತದೆ. ಕಲೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ಆಗಲೂ ಅದು ಮೊದಲಿನ ಚರ್ಮದ ಬಲದ ಸುಮಾರು ಶೇ 80ನ್ನು ಮಾತ್ರ ಮುಟ್ಟುತ್ತದೆ.

ಈ ಕಾಲವಷ್ಟೂ ಗಾಯವನ್ನು ಕಾಯುವುದು ನೋವು. ನೋಯುವ ಕಾಲನ್ನು ಯಾರೂ ಊರುವುದಿಲ್ಲ. ಕುಷ್ಠವು ನರಗಳನ್ನು ಕೆಡಿಸಿ ಈ ಕಾವಲುಗಾರನನ್ನೇ ಇಲ್ಲವಾಗಿಸುತ್ತದೆ. ರೋಗಿ ಗಾಯದ ಮೇಲೆಯೇ ನಡೆಯುತ್ತಾನೆ, ಬಿಸಿ ಪಾತ್ರೆಯನ್ನು ಅರಿವಿಲ್ಲದೆ ಹಿಡಿಯುತ್ತಾನೆ. ಮಾಯುತ್ತಿದ್ದ ಗಾಯ ದಿನವೂ ಒಡೆಯುತ್ತದೆ. ಕೀವಾಗುತ್ತದೆ, ಬೆರಳುಗಳು ಸವೆಯುತ್ತವೆ. ಮಾಂಸವೇ ಕೊಳೆತು ಉದುರುವುದೆಂದು ಜಗತ್ತು ನಂಬಿತ್ತು. ವಿಶ್ರಾಂತಿ ಕೊಟ್ಟರೆ ಆ ಗಾಯಗಳೂ ಮಾಯುತ್ತವೆಂದು ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ತೋರಿಸಿಕೊಟ್ಟದ್ದು ಮುಲ್ಲರ್ ತೀರಿಕೊಂಡು ದಶಕಗಳಾದ ಮೇಲೆ.

ಮುಲ್ಲರ್ ಅವರ ಕಾಲಕ್ಕೆ ಈ ರೋಗದ ಸೂಕ್ಷ್ಮಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲಿಯೇ ಗುರುತಿಸಿದ್ದರು. ಆದರೆ ಅದನ್ನು ಕೊಲ್ಲುವ ಮದ್ದು ಎಲ್ಲೂ ಇರಲಿಲ್ಲ. ಡ್ಯಾಪ್ಸೋನ್ ಬಳಕೆಗೆ ಬಂದದ್ದು 1940ರ ದಶಕದಲ್ಲಿ, ಹಲವು ಔಷಧಗಳ ಸಂಯುಕ್ತ ಚಿಕಿತ್ಸೆ 1980ರ ದಶಕದಲ್ಲಿ. ಆದ್ದರಿಂದ ಅವರ ಔಷಧದ ಪೆಟ್ಟಿಗೆ ಕುಷ್ಠವನ್ನು ಗುಣಪಡಿಸಿತೆಂದು ಹೇಳುವುದು ಭಕ್ತಿಯ ಮಾತಾದೀತು, ಸತ್ಯವಾಗದು. ಅವರ ದೊಡ್ಡತನ ಬೇರೆಡೆಯಿದೆ. ಬೀದಿಯಲ್ಲಿ ಅಲೆಯಬೇಕಿದ್ದ ಕಾಲಿಗೆ ಮಲಗುವ ಜಾಗ, ಹಸಿದ ಹೊಟ್ಟೆಗೆ ಅನ್ನ, ಮುಟ್ಟಲು ಹೇಸದ ಆರೈಕೆ: ಮಾಯುವ ದೇಹಕ್ಕೆ ಬೇಕಾದುದೂ ಇಷ್ಟೇ. ಊರು ಹೊರಗಟ್ಟಿದವರಿಗೆ ಅವರು ಅದನ್ನು ಒದಗಿಸಿದರು.

1910ರ ನವೆಂಬರ್ 1ರಂದು ಮುಲ್ಲರ್ ಮಂಗಳೂರಿನಲ್ಲಿಯೇ ಕಣ್ಣುಮುಚ್ಚಿದರು. ಅವರ ಔಷಧಾಲಯ ಬೆಳೆದು ಆಸ್ಪತ್ರೆಯಾಯಿತು, ವೈದ್ಯಕೀಯ ಕಾಲೇಜಾಯಿತು.

ಕುಷ್ಠಕ್ಕೆ ಇಂದು ಉಚಿತ ಚಿಕಿತ್ಸೆಯಿದೆ. ಆರು ತಿಂಗಳಿಂದ ಒಂದು ವರ್ಷದಲ್ಲಿ ರೋಗ ವಾಸಿಯಾಗುತ್ತದೆ. ಆದರೂ ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುತ್ತಿದ್ದ ಕಾನೂನು ತಿದ್ದುಪಡಿಯಾದದ್ದು 2019ರಲ್ಲಷ್ಟೇ. ಸ್ಪರ್ಶಜ್ಞಾನವಿಲ್ಲದ ಮಚ್ಚೆಯನ್ನು ನಾಚಿಕೆಯಿಂದ ಮುಚ್ಚಿಟ್ಟುಕೊಂಡವರು ವೈದ್ಯರ ಬಳಿ ಬರುವಷ್ಟರಲ್ಲಿ ನರ ಸತ್ತಿರುತ್ತದೆ, ಸತ್ತ ನರವನ್ನು ಯಾವ ಮಾತ್ರೆಯೂ ಮರಳಿಸದು. ಮದ್ದಿಲ್ಲದ ಕಾಲದಲ್ಲಿ ಮುಲ್ಲರ್ ಬಾಗಿಲು ತೆರೆದಿಟ್ಟರು. ಮದ್ದಿರುವ ಕಾಲದಲ್ಲಿ ಆ ಬಾಗಿಲಿನವರೆಗೆ ಬರಲು ರೋಗಿ ಅಂಜುವಂತೆ ಮಾಡಿರುವವರು ನಾವು.